ಗುರ್ಲಹೊಸೂರಿನ ಲಕ್ಷ್ಮಣರಾಯರು: ನೇಗಿಲಿನ ಕುಳ, ಮೋಟಾರಿನ ಚಾಸಿ

ಕಿತ್ತೂರು ಎಂದರೆ ರಾಣಿ ಚನ್ನಮ್ಮ, ಬೈಲಹೊಂಗಲ ಎಂದರೆ ಆಕೆಯ ಸಮಾಧಿ, ಸಂಗೊಳ್ಳಿ ಎಂದರೆ ರಾಯಣ್ಣ, ಸವದತ್ತಿ ಎಂದರೆ ಯಲ್ಲಮ್ಮನ ಗುಡ್ಡ, ರಾಮದುರ್ಗ ಎಂದರೆ ಹಳೆಯ ಸಂಸ್ಥಾನ ಮತ್ತು ಕೈಮಗ್ಗ. ಇಷ್ಟನ್ನು ನಮ್ಮ ಭಾಗದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಸವದತ್ತಿ ಸೀಮೆಯ ಗುರ್ಲಹೊಸೂರು ಎಂದ ಕೂಡಲೇ ಲಕ್ಷ್ಮಣರಾವ್ ಕಾಶಿನಾಥ ಕಿರ್ಲೋಸ್ಕರರ ಹೆಸರು ಹೇಳುವವರು ಕಡಿಮೆ. ಕಿರ್ಲೋಸ್ಕರ ಎಂಬ ಅಕ್ಷರಗಳನ್ನು ಬಾವಿಯ ಮೇಲಿನ ಪಂಪಿನ ಮೇಲೆ, ಎಂಜಿನ್ನಿನ ಮೇಲೆ ನಾವು ಸಾವಿರ ಸಲ ಓದಿದ್ದೇವೆ. ಅದು ದೂರದ ಯಾವುದೋ ದೊಡ್ಡ ಪಟ್ಟಣದ ಹೆಸರು ಎಂದೇ ಬಹಳ ಜನ ತಿಳಿದಿದ್ದಾರೆ. ಆ ಹೆಸರನ್ನು ಕಬ್ಬಿಣದ ಮೇಲೆ ಮೊದಲು ಮೂಡಿಸಿದವರು ನಮ್ಮ ಮಲಪ್ರಭೆಯ ಸೀಮೆಯಲ್ಲಿ ಹುಟ್ಟಿದವರು.

ನಾನು ಈ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿ. ಇಲ್ಲಿಂದ ಹೊರಟು ಐಟಿಐ ಸೇರಿ ಫಿಟ್ಟರ್ ಕೆಲಸ ಕಲಿತು, ಅದೇ ಕೆಲಸದಲ್ಲಿ ಬಾಳಿದವನು. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನವನ್ನು ಬರೆದುಕೊಡಿ ಎಂದು ಸಂಪಾದಕ ಮಂಡಳಿಯ ಗುರುಗಳು ಕೇಳಿದಾಗ ನನ್ನ ಕಸುಬಿನ ಹಿರಿಯರನ್ನೇ ಆರಿಸಿಕೊಂಡೆ. ಲಕ್ಷ್ಮಣರಾಯರು ಹೇಗೆ ದೊಡ್ಡ ಉದ್ಯಮಿಯಾದರು ಎಂಬುದನ್ನು ಬಲ್ಲವರು ಬರೆದಿದ್ದಾರೆ. ಎರಡು ಕಬ್ಬಿಣದ ತುಂಡುಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸುವ ಕೆಲಸದಲ್ಲಿ ಒಂದು ಜೀವನ ಹೇಗೆ ಅರ್ಥ ಪಡೆಯಿತು ಎಂಬುದನ್ನು ನಾನು ಒಬ್ಬ ಫಿಟ್ಟರನಾಗಿ ಹೇಳಬಲ್ಲೆ.

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು. ಆಗ ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಮನೆಮಾತು ಮರಾಠಿ, ಸುತ್ತಲಿನ ಊರುಗಳ ಮಾತು ಕನ್ನಡ. ಅದೇ ಮನೆತನದ ಅಣ್ಣಾಸಾಹೇಬ ಕಿರ್ಲೋಸ್ಕರರು ಮರಾಠಿ ಸಂಗೀತ ನಾಟಕಕ್ಕೆ ತಳಹದಿ ಹಾಕಿದವರು. ಅವರೂ ಗುರ್ಲಹೊಸೂರಿನಲ್ಲಿಯೇ 1843ರಲ್ಲಿ ಹುಟ್ಟಿದವರು. ಹೀಗೆ ಒಂದೇ ಹಳ್ಳಿ ಒಬ್ಬರನ್ನು ರಂಗಮಂಚಕ್ಕೂ ಇನ್ನೊಬ್ಬರನ್ನು ಕಾರ್ಖಾನೆಗೂ ಕೊಟ್ಟಿತು.

ಲಕ್ಷ್ಮಣರಾಯರ ತಂದೆ ವೇದಾಂತ ಓದಿದವರು. ಮಗನಿಗೆ ಮಾತ್ರ ಶಾಲೆಯ ಪುಸ್ತಕ ಹಿಡಿಸಲಿಲ್ಲ. ಅವನ ಮನಸ್ಸು ಎರಡರಲ್ಲಿತ್ತು: ಚಿತ್ರ ಬರೆಯುವುದು ಮತ್ತು ಯಂತ್ರಗಳು. ಓದಿನಲ್ಲಿ ಹಿಂದೆ ಬಿದ್ದ ಹುಡುಗನನ್ನು ಆ ಕಾಲದಲ್ಲಿ, ಈ ಕಾಲದಲ್ಲಿಯೂ, ಮನೆಯವರು ಹೇಗೆ ನೋಡುತ್ತಾರೆಂದು ನಮಗೆ ಗೊತ್ತಿದೆ. 1885ರಲ್ಲಿ ತಂದೆಯ ಮನಸ್ಸಿಗೆ ವಿರುದ್ಧವಾಗಿ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಬೆನ್ನಿಗೆ ನಿಂತವರು ಅಣ್ಣ ರಾಮಚಂದ್ರರಾಯರು. ಮನೆಯಲ್ಲಿ ಎಲ್ಲರಿಗೂ ಅವರು ರಾಮುಅಣ್ಣ. ಒಬ್ಬ ಹುಡುಗನ ಬದುಕು ಕೆಡದಂತೆ ಕಾಯಲು ಮನೆಯಲ್ಲಿ ಒಬ್ಬನಾದರೂ ಹಿರಿಯ ಬೇಕು ಎಂಬುದಕ್ಕೆ ಇದೊಂದು ಸಾಕ್ಷಿ.

ಎರಡು ವರ್ಷ ಕಳೆದ ಮೇಲೆ ಒಂದು ಸಂಗತಿ ಬಯಲಾಯಿತು. ಲಕ್ಷ್ಮಣರಾಯರ ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಚಿತ್ರಕಾರನಾಗಬೇಕೆಂದು ಮನೆ ಬಿಟ್ಟು ಬಂದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದಿದೆ? ಆದರೆ ಅವರು ಊರಿಗೆ ತಿರುಗಿ ಬರಲಿಲ್ಲ. ಬಣ್ಣ ಬೇಡದ ಚಿತ್ರವೊಂದಿದೆ. ಅದು ಯಂತ್ರದ ನಕ್ಷೆ. ಅದರಲ್ಲಿ ಬೇಕಾದದ್ದು ಗೆರೆ ಮತ್ತು ಅಳತೆ ಮಾತ್ರ. ಅದನ್ನು ಕಲಿತರು, ಚೆನ್ನಾಗಿ ಕಲಿತರು. ಆ ಕಲಿಕೆಯ ಬಲದಿಂದ ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರನಕ್ಷೆ ಕಲಿಸುವ ಸಹಾಯಕ ಶಿಕ್ಷಕರಾದರು. ತಿಂಗಳಿಗೆ 45 ರೂಪಾಯಿ ಸಂಬಳ.

ಯಂತ್ರದ ನಕ್ಷೆಯೆಂದರೇನು ಎಂಬುದನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಬೇಕು. ಒಂದು ವಸ್ತುವನ್ನು ಮುಂದಿನಿಂದ, ಮೇಲಿನಿಂದ, ಬದಿಯಿಂದ ನೋಡಿ ಮೂರು ಚಿತ್ರ ಬರೆಯುತ್ತಾರೆ. ಪ್ರತಿ ಗೆರೆಗೂ ಅಳತೆ ಬರೆಯುತ್ತಾರೆ. ಆ ಹಾಳೆಯನ್ನು ಹಿಡಿದು, ಮೂಲ ವಸ್ತುವನ್ನು ಎಂದೂ ನೋಡದ ಇನ್ನೊಬ್ಬ ಕೆಲಸಗಾರ ಅದನ್ನೇ ಮಾಡಬಲ್ಲ. ನಮ್ಮ ಊರಿನ ಬಡಿಗೇರ ಮತ್ತು ಕಮ್ಮಾರರಿಗೆ ಇಂಥ ಹಾಳೆ ಬೇಕಾಗಿರಲಿಲ್ಲ. ಅವರ ಅಳತೆ ಕಣ್ಣಿನಲ್ಲಿ, ಗೇಣಿನಲ್ಲಿ, ಅಂಗುಲದಲ್ಲಿ ಇತ್ತು. ಕಣ್ಣಿನ ಅಳತೆಗೂ ಹಾಳೆಯ ಅಳತೆಗೂ ಇರುವ ಈ ಅಂತರವೇ ಲಕ್ಷ್ಮಣರಾಯರ ಮುಂದಿನ ಜೀವನದ ಕೆಲಸವಾಯಿತು.

ಶಿಕ್ಷಕರಾದ ಮೇಲೆ ಅವರು ಹಲಗೆಯ ಮುಂದೆ ಮಾತ್ರ ನಿಲ್ಲಲಿಲ್ಲ. ಬಿಡುವಿನ ಹೊತ್ತಿನಲ್ಲಿ ಕಾರ್ಯಾಗಾರದಲ್ಲಿದ್ದು ಯಂತ್ರಗಳನ್ನು ಬಿಚ್ಚಿ ಜೋಡಿಸುವುದನ್ನು ಕಲಿತರು. ಮುಂಬಯಿಯಲ್ಲಿ ಒಬ್ಬರು ಸೈಕಲ್ ಹೊಡೆಯುವುದನ್ನು ನೋಡಿ ಆ ವಾಹನದ ಮೇಲೆ ಮನಸ್ಸಾಯಿತು. 1888ರಲ್ಲಿ ಅಣ್ಣನ ಜೊತೆ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಹೆಸರು ಕಿರ್ಲೋಸ್ಕರ್ ಬ್ರದರ್ಸ್. ತಮ್ಮ ಮುಂಬಯಿಯಿಂದ ಸೈಕಲ್ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು ಮತ್ತು ಕೊಂಡವರಿಗೆ ಹೊಡೆಯಲು ಕಲಿಸುವುದು. ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ ರಸ್ತೆ ಇದೆ. ಅಲ್ಲಿ ಬಟ್ಟೆ ಕೊಳ್ಳಲು ಹೋಗುವ ನಮ್ಮವರು ಆ ಹೆಸರಿನ ಬೇರು ಒಂದು ಸೈಕಲ್ ಅಂಗಡಿಯಲ್ಲಿದೆ ಎಂದು ನೆನೆದರೆ ಸಂತೋಷ.

ಸೈಕಲ್ ಫಿಟ್ಟಿಂಗಿನ ಮೊದಲ ಶಾಲೆ ಎಂದು ನನ್ನ ಅಭಿಪ್ರಾಯ. ಗಾಲಿಯ ಅಚ್ಚಿನಲ್ಲಿ ಉಕ್ಕಿನ ಸಣ್ಣ ಗುಂಡುಗಳು ಒಂದು ಬಟ್ಟಲಿಗೂ ಒಂದು ಶಂಕುವಿಗೂ ನಡುವೆ ಕೂತಿರುತ್ತವೆ. ಶಂಕುವನ್ನು ಬಿಗಿ ಮಾಡಿದರೆ ಗಾಲಿ ತಿರುಗದು, ಗುಂಡು ಸವೆಯುತ್ತದೆ. ಸಡಿಲ ಬಿಟ್ಟರೆ ಗಾಲಿ ಅತ್ತಿತ್ತ ಆಡುತ್ತದೆ. ಬಿಗಿಗೂ ಸಡಿಲಿಗೂ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ಸರಿಯಾದ ಸ್ಥಾನ ಇರುತ್ತದೆ. ಅದನ್ನು ಬೆರಳು ಹುಡುಕಬೇಕು. ಈ ಪಾಠ ಒಮ್ಮೆ ಕೈಗೆ ಹತ್ತಿದರೆ ನೇಗಿಲಿಗೂ ಅದೇ, ಪಂಪಿಗೂ ಅದೇ, ಮೋಟಾರಿಗೂ ಅದೇ.

ಮುಂಬಯಿಯ ಸಂಸ್ಥೆಯಲ್ಲಿ ಬಡ್ತಿಯ ಪ್ರಶ್ನೆ ಬಂದಾಗ ಲಕ್ಷ್ಮಣರಾಯರನ್ನು ಬಿಟ್ಟು ಒಬ್ಬ ಆಂಗ್ಲೋ ಇಂಡಿಯನ್ನರಿಗೆ ಆ ಸ್ಥಾನ ಕೊಟ್ಟರು. ರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದರು. ಸೈಕಲ್ ಅಂಗಡಿಯ ಜೊತೆಗೆ ಒಂದು ಸಣ್ಣ ಕಾರ್ಯಾಗಾರ ಬೆಳೆಯಿತು. ಅಲ್ಲಿ ಮೊದಲು ತಯಾರಾದದ್ದರಲ್ಲಿ ಕಣಕಿ ಕತ್ತರಿಸುವ ಯಂತ್ರ ಒಂದು, ಕಬ್ಬಿಣದ ನೇಗಿಲು ಇನ್ನೊಂದು. ಕಣಕಿ ಯಂತ್ರದಲ್ಲಿ ಚಕ್ರಕ್ಕೆ ಕಟ್ಟಿದ ಅಲಗು ಬಾಯಿಯ ಅಂಚನ್ನು ಸವರಿಕೊಂಡು ಹೋಗಬೇಕು. ಅಂಚು ತಗಲಿದರೆ ಅಲಗು ಮೊಂಡು, ದೂರವಾದರೆ ಕಣಕಿ ಕತ್ತರಿಸದೆ ಮಡಚಿಕೊಳ್ಳುತ್ತದೆ. ಮತ್ತೆ ಅದೇ ಕೂದಲೆಳೆಯ ಲೆಕ್ಕ.

ಕಬ್ಬಿಣದ ನೇಗಿಲಿನ ಕಥೆ ಬಹಳ ಪ್ರಸಿದ್ಧ. ಮಾಡಿಟ್ಟ ನೇಗಿಲು ಎರಡು ವರ್ಷ ಮಾರಾಟವಾಗಲಿಲ್ಲ. ಕಬ್ಬಿಣ ತಗಲಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದರು. ಇದನ್ನು ಹೇಳುವವರು ರೈತರ ಮೂಢನಂಬಿಕೆ ಎಂದು ಹೇಳಿ ಮುಂದೆ ಹೋಗುತ್ತಾರೆ. ಆ ನಂಬಿಕೆ ಇದ್ದದ್ದು ನಿಜ. ಆದರೆ ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಅದರ ಹಿಂದೆ ಒಂದು ಲೆಕ್ಕವೂ ಕಾಣುತ್ತದೆ.

ಕಟ್ಟಿಗೆಯ ರಂಟಿ ಮುರಿದರೆ ಊರಲ್ಲಿಯೇ ಬಡಿಗೇರನಿದ್ದ. ಕುಳ ಸವೆದರೆ ಕಮ್ಮಾರನ ಕುಲುಮೆ ಇತ್ತು. ಅವರಿಗೆ ಸುಗ್ಗಿಯಲ್ಲಿ ಆಯದ ಕಾಳು ಸಲ್ಲುತ್ತಿತ್ತು. ಪ್ರತಿ ರಂಟಿಯೂ ಬೇರೆ ಬೇರೆ, ಒಂದರ ಕುಳ ಇನ್ನೊಂದಕ್ಕೆ ಕೂರದು. ಆದರೂ ತೊಂದರೆಯಿಲ್ಲ, ಏಕೆಂದರೆ ಅದನ್ನು ಕೂರಿಸುವವನು ಎದುರಿಗೇ ಇದ್ದಾನೆ. ಈಗ ಬೆಳಗಾವಿಯ ಒಂದು ನೇಗಿಲನ್ನು ರಾಮದುರ್ಗದ ಬದಿಯ ರೈತ ಕೊಂಡ ಎಂದುಕೊಳ್ಳೋಣ. ಹದ ಬಂದಿದೆ, ಎತ್ತು ಹೂಡಿದ್ದಾನೆ, ಕುಳ ಮುರಿಯಿತು. ಅದನ್ನು ತಯಾರಿಸಿದವನು ಎರಡು ದಿನದ ದಾರಿಯಲ್ಲಿದ್ದಾನೆ. ಊರ ಕಮ್ಮಾರನಿಗೆ ಎರಕದ ಕಬ್ಬಿಣ ಕಾಯಿಸಿ ಬಡಿಯಲು ಬಾರದು, ಬಡಿದರೆ ಒಡೆಯುತ್ತದೆ. ಹದ ಹೋದರೆ ವರ್ಷ ಹೋಯಿತು. ಹೀಗಿರುವಾಗ ರೈತ ಹೆದರಿದ್ದು ಕಬ್ಬಿಣಕ್ಕೆ ಮಾತ್ರವೇ?

ಈ ಹೆದರಿಕೆಗೆ ಭಾಷಣದಿಂದ ಉತ್ತರ ಕೊಡಲಾಗದು. ಒಂದೇ ಉತ್ತರವಿದೆ: ಕಾರ್ಖಾನೆಯಿಂದ ಬಂದ ಹೊಸ ಕುಳ, ಯಾವ ನೇಗಿಲಿಗಾದರೂ, ರೈತನ ಕೈಯಲ್ಲಿ, ಹೊಲದ ಬದುವಿನ ಮೇಲೆ, ಒಂದು ಪಾನದಿಂದ ಕೂರಬೇಕು. ಫಿಟ್ಟರನು ಜೊತೆಗೆ ಬರಲಾರ. ಆದ್ದರಿಂದ ಫಿಟ್ಟಿಂಗು ನೇಗಿಲಿನೊಳಗೇ ಇರಬೇಕು. ಕೇಳಲು ಸುಲಭವಾದ ಈ ಮಾತು ಮಾಡಲು ಎಷ್ಟು ಕಷ್ಟ ಎಂಬುದನ್ನು ಓದುಗರಿಗೆ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಎರಕದ ಕುಗ್ಗು. ಕಾದು ನೀರಾದ ಕಬ್ಬಿಣ ಮರಳಿನ ಅಚ್ಚಿನಲ್ಲಿ ತಣಿಯುವಾಗ ಕಿರಿದಾಗುತ್ತದೆ. ಒಂದು ಅಡಿಗೆ ಸುಮಾರು ಅಂಗುಲದ ಎಂಟನೆಯ ಒಂದು ಪಾಲು. ಅಷ್ಟನ್ನು ಮೊದಲೇ ಕಟ್ಟಿಗೆಯ ಮಾದರಿಯಲ್ಲಿ ಹೆಚ್ಚಿಗೆ ಇಡಬೇಕು. ದಪ್ಪ ಭಾಗ ನಿಧಾನವಾಗಿ, ತೆಳುವಾದ ಭಾಗ ಬೇಗನೆ ತಣಿಯುವುದರಿಂದ ತುಂಡು ಸೊಟ್ಟಗಾಗುವುದೂ ಉಂಟು. ಹೀಗೆ ಸೊಟ್ಟಗಾದ ಕುಳವನ್ನು ಬೋಲ್ಟು ಬಿಗಿದು ನೇರ ಮಾಡಲು ಹೋದರೆ ಅದು ಚಟ್ಟನೆ ಸೀಳುತ್ತದೆ.

ಎರಡನೆಯದು ಬೋಲ್ಟಿನ ತೂತು. ಒಂದು ತುಂಡಿನ ತೂತು ಇನ್ನೊಂದರ ತೂತಿಗೆ ಎದುರಾಗಿ ಬರಬೇಕು. ಬರದಿದ್ದರೆ ಅವಸರದ ಕೆಲಸಗಾರ ತೂತನ್ನು ದೊಡ್ಡದು ಮಾಡಿಬಿಡುತ್ತಾನೆ. ಬೋಲ್ಟು ಒಳಗೆ ಹೋಯಿತು, ಕೆಲಸ ಮುಗಿಯಿತು ಎಂದು ಕಾಣುತ್ತದೆ. ಆದರೆ ಎರಡು ಎಕರೆ ಉಳುವಷ್ಟರಲ್ಲಿ ಆ ಸಡಿಲು ತೂತಿನಲ್ಲಿ ಬೋಲ್ಟು ಆಡತೊಡಗುತ್ತದೆ, ನಟ್ಟು ಕಳಚುತ್ತದೆ, ಕುಳದ ಮೂತಿ ಅತ್ತಿತ್ತ ಹೊರಳುತ್ತದೆ. ಅದರ ಭಾರ ಎತ್ತಿನ ಹೆಗಲಿಗೆ ಬೀಳುತ್ತದೆ. ಫಿಟ್ಟರ್ ಕದ್ದ ಕೆಲಸವನ್ನು ಎತ್ತು ಮಾಡಬೇಕಾಗುತ್ತದೆ.

ಮೂರನೆಯದು ಗಡಸುತನ. ಮೆದು ಕಬ್ಬಿಣದ ಕುಳ ಕಲ್ಲುಗರಸಿನ ಹೊಲದಲ್ಲಿ ಬೇಗ ಸವೆಯುತ್ತದೆ. ಪೂರ್ತಿ ಗಡಸು ಮಾಡಿದರೆ ಗಾಜಿನಂತೆ ಒಡೆಯುತ್ತದೆ. ಇದಕ್ಕೊಂದು ಉಪಾಯವಿದೆ. ಸವೆಯುವ ಬದಿಯಲ್ಲಿ ಮರಳಿನ ಬದಲು ಲೋಹದ ಅಚ್ಚನ್ನಿಟ್ಟರೆ ಅಲ್ಲಿ ಕಬ್ಬಿಣ ತಟ್ಟನೆ ತಣಿದು ಬಿಳಿಯಾಗಿ ಗಡಸಾಗುತ್ತದೆ. ಉಳಿದ ಭಾಗ ಬೂದು ಬಣ್ಣದ್ದಾಗಿ ಪೆಟ್ಟು ತಾಳುತ್ತದೆ. ಎಷ್ಟು ಆಳ ಗಡಸಾಗಬೇಕು ಎಂಬುದು ಅನುಭವದಿಂದ ಬರುವ ಲೆಕ್ಕ.

ನಾಲ್ಕನೆಯದು ಮೈನುಣುಪು. ಇದನ್ನು ನಾವು ಫಿನಿಶಿಂಗ್ ಎನ್ನುತ್ತೇವೆ, ಅಂದಕ್ಕಾಗಿ ಮಾಡುವುದು ಎಂದು ತಿಳಿಯುತ್ತೇವೆ. ಬೈಲಹೊಂಗಲ ಸವದತ್ತಿಯ ಎರಿ ಭೂಮಿಯನ್ನು ಬಲ್ಲವರು ಹಾಗೆ ಹೇಳಲಾರರು. ಹಸಿ ಎರಿಮಣ್ಣು ಚಕ್ಕಡಿಯ ಗಾಲಿಯನ್ನೇ ನುಂಗುತ್ತದೆ. ಮಣ್ಣು ಮಗುಚುವ ರೆಕ್ಕೆ ಒರಟಾಗಿದ್ದರೆ ಮಣ್ಣು ಜಾರದೆ ಅಂಟಿಕೊಳ್ಳುತ್ತದೆ, ನೇಗಿಲು ಮಣ್ಣಿನ ಗುಡ್ಡೆಯನ್ನು ಹೊತ್ತುಕೊಂಡು ತೆವಳುತ್ತದೆ. ರೆಕ್ಕೆ ನುಣುಪಾಗಿದ್ದರೆ ಮಣ್ಣು ಅದರ ಮೇಲೆ ಹೊರಳಿ ಬೀಳುತ್ತದೆ, ಕರಿಕೆಯ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಸಾಣೆ ಹಿಡಿದವನ ಒಂದು ತಾಸಿನ ಕೆಲಸ ಹೊಲದಲ್ಲಿ ಎಷ್ಟೋ ದಿನ ಎತ್ತಿನ ದುಡಿಮೆಯನ್ನು ಉಳಿಸುತ್ತದೆ.

ಹೊರದೇಶದ ನೇಗಿಲನ್ನು ನೋಡಿ ಅಂಥದೇ ಇನ್ನೊಂದನ್ನು ಮಾಡುವುದು ಒಂದು ಕೆಲಸ. ಒಂದರಂತೆ ಸಾವಿರ ಮಾಡುವುದು ಬೇರೆಯೇ ಕೆಲಸ. ಯಂತ್ರನಕ್ಷೆಯ ಶಿಕ್ಷಕರಾಗಿದ್ದ ಲಕ್ಷ್ಮಣರಾಯರು ಈ ಎರಡನೆಯದಕ್ಕೆ ಕೈಹಾಕಿದರು. ನಿಧಾನವಾಗಿ ರೈತರು ಬಂದರು, ನೇಗಿಲು ಮಾರಾಟವಾಯಿತು. ಮೊದಲು ಕೊಂಡ ರೈತನ ಹೊಲದ ಮಣ್ಣೇ ಎರಡನೆಯ ರೈತನಿಗೆ ಸಾಕ್ಷಿ ಹೇಳಿತು.

ಇಲ್ಲಿ ಸ್ವಲ್ಪ ದೂರ ಹೋಗಿ ಬರಬೇಕು. ಇದೇ ವರ್ಷಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಇನ್ನೊಬ್ಬರು ಇದೇ ನಾಲ್ಕು ಕಷ್ಟಗಳ ಜೊತೆ ಸೆಣಸುತ್ತಿದ್ದರು. ಅವರ ಹೆಸರು ಹೆನ್ರಿ ರಾಯ್ಸ್. ಹುಟ್ಟಿದ್ದು 1863ರಲ್ಲಿ, ಅಂದರೆ ನಮ್ಮ ರಾಯರಿಗಿಂತ ಆರು ವರ್ಷ ದೊಡ್ಡವರು. ಬಡತನದಲ್ಲಿ ಬೆಳೆದವರು, ಶಾಲೆ ಹೆಚ್ಚು ಕಲಿತವರಲ್ಲ. ರೈಲ್ವೆ ಕಾರ್ಯಾಗಾರದಲ್ಲಿ ಕಲಿಯಲು ಸೇರಿ, ಹಣ ಸಾಲದೆ ಅದನ್ನೂ ನಡುವೆ ಬಿಟ್ಟವರು. 1903ರಲ್ಲಿ ಅವರು ಡೆಕಾವಿಲ್ ಎಂಬ ಫ್ರಾನ್ಸಿನ ಹಳೆಯ ಕಾರೊಂದನ್ನು ಕೊಂಡರು. ಅದರ ಸದ್ದು, ಅದರ ತಂಟೆಗಳು ಅವರಿಗೆ ಸೇರಲಿಲ್ಲ. ಪೂರ್ತಿ ಬಿಚ್ಚಿ ಪ್ರತಿ ಭಾಗವನ್ನೂ ನೋಡಿ, ತಾವೇ ಒಂದು ಕಾರು ಮಾಡಿದರು. ಅದು 1904ರಲ್ಲಿ ಓಡಿತು. ಅದೇ ವರ್ಷ ಚಾರ್ಲ್ಸ್ ರೋಲ್ಸ್ ಎಂಬವರ ಪರಿಚಯವಾಗಿ ರೋಲ್ಸ್ ರಾಯ್ಸ್ ಎಂಬ ಹೆಸರು ಹುಟ್ಟಲು ದಾರಿಯಾಯಿತು. ಮೈಸೂರು ಅರಮನೆ ಸೇರಿ ನಮ್ಮ ದೇಶದ ಅನೇಕ ಸಂಸ್ಥಾನಿಕರು ಮೆಚ್ಚಿ ಕೊಂಡ ಕಾರು ಇದೇ.

ಆ ಕಾಲದ ಶ್ರೀಮಂತರ ಕಾರುಗಳ ಒಂದು ವಿಶೇಷವನ್ನು ಬಹಳ ಜನ ತಿಳಿಯರು. ರೋಲ್ಸ್ ರಾಯ್ಸ್ ಕಾರ್ಖಾನೆ ಆಗ ಇಡೀ ಕಾರನ್ನು ಮಾರುತ್ತಿರಲಿಲ್ಲ. ಎಂಜಿನ್, ಗಾಲಿ, ಸ್ಟೀರಿಂಗ್ ಕೂತ ಬರೀ ಚಾಸಿಯನ್ನು ಮಾರುತ್ತಿತ್ತು. ಕೊಂಡವರು ಅದನ್ನು ಬಗ್ಗಿ ಕಟ್ಟುವವರ ಬಳಿ ಕಳಿಸಿ, ಕಟ್ಟಿಗೆಯ ಚೌಕಟ್ಟಿನ ಮೇಲೆ ತಗಡು ಹೊದಿಸಿ ಬಾಡಿ ಕಟ್ಟಿಸಬೇಕಿತ್ತು. ಚಾಸಿ ಒಬ್ಬರದು, ಬಾಡಿ ಇನ್ನೊಬ್ಬರದು. ತಂಟೆ ಹುಟ್ಟುತ್ತಿದ್ದದ್ದು ಇಲ್ಲಿಯೇ. ರಸ್ತೆಯ ತಗ್ಗುದಿಣ್ಣೆಗೆ ಚಾಸಿ ತುಸು ತಿರುಚಿಕೊಳ್ಳುತ್ತದೆ, ಅದು ಅದರ ಗುಣ. ಮೇಲಿನ ಬಾಡಿ ಅದಕ್ಕೆ ಬಿಗಿದುಕೊಂಡಿದ್ದರೆ ಅದೂ ತಿರುಚಿಕೊಳ್ಳಬೇಕು. ಬಾಗಿಲು ಸಿಕ್ಕಿಕೊಳ್ಳುತ್ತದೆ, ಕಿರಿಕಿರಿ ಸದ್ದು ಬರುತ್ತದೆ, ಹೊಳೆಯುವ ಬಣ್ಣ ಬಿರುಕು ಬಿಡುತ್ತದೆ. ಆಗ ಚಾಸಿಯವರು ಬಾಡಿಯವರತ್ತ, ಬಾಡಿಯವರು ಚಾಸಿಯವರತ್ತ ಬೆರಳು ತೋರಿಸುವುದು ಸಹಜ.

ರಾಯ್ಸರ ಕೆಲಸದ ರೀತಿ ಹೇಗಿತ್ತೆಂದರೆ, ಚೌಕಟ್ಟಿನ ಭಾಗಗಳನ್ನು ಬರೀ ರಿವೆಟ್ ಬಡಿದು ಕೂಡಿಸುವುದಕ್ಕಿಂತ, ತೂತನ್ನು ಕೈಯಿಂದ ರೀಮರ್ ತಿರುಗಿಸಿ ಹದ ಮಾಡಿ, ತುದಿಗೆ ಸಣ್ಣದಾಗುತ್ತ ಹೋಗುವ ಬೋಲ್ಟನ್ನು ಅದರಲ್ಲಿ ಕೂರಿಸುವುದು. ಅಂಥ ಬೋಲ್ಟು ತೂತನ್ನು ಪೂರ್ತಿ ತುಂಬುತ್ತದೆ, ಆಡಲು ಜಾಗವೇ ಇರುವುದಿಲ್ಲ. 1907ರಲ್ಲಿ ಅವರ ಸಿಲ್ವರ್ ಗೋಸ್ಟ್ ಎಂಬ ಕಾರನ್ನು 15,000 ಮೈಲು ಓಡಿಸಿ, ಆಮೇಲೆ ಬಿಚ್ಚಿ, ಯಾವ ಭಾಗ ಎಷ್ಟು ಸವೆದಿದೆ ಎಂದು ಪರೀಕ್ಷಿಸಿದರು. ಹೊಸದಾಗಿ ಹಾಕಬೇಕಾದ ಭಾಗಗಳ ಖರ್ಚು ಮೂರು ಪೌಂಡಿಗಿಂತಲೂ ಕಡಿಮೆಯಾಯಿತು.

ಒಂದು ಕಡೆ ಮಹಾರಾಜರ ಮೋಟಾರು, ಇನ್ನೊಂದು ಕಡೆ ಒಕ್ಕಲಿಗರ ನೇಗಿಲು. ಬೆಲೆಯಲ್ಲಿ ಅಜಗಜಾಂತರ. ಆದರೆ ನನ್ನ ವೈಸಿನ ಮುಂದೆ ನಿಂತು ನೋಡಿದರೆ ಎರಡೂ ಒಂದೇ. ಚಾಸಿಯ ತೂತಿನಲ್ಲಿ ಸಡಿಲಿದ್ದರೆ ಮಹಾರಾಜರ ಕಿವಿಗೆ ಕಿರಿಕಿರಿ. ನೇಗಿಲಿನ ತೂತಿನಲ್ಲಿ ಸಡಿಲಿದ್ದರೆ ರೈತನ ಹೊಟ್ಟೆಗೆ ಪೆಟ್ಟು. ಇನ್ನೂ ಒಂದು ಮಾತು ಹೇಳಬೇಕು. ಮಹಾರಾಜರ ಕಾರಿಗೆ ತಂಟೆ ಬಂದರೆ ಮೆಕ್ಯಾನಿಕ್ ಬರುತ್ತಿದ್ದ, ಖರ್ಚಿಗೆ ಕೊರತೆಯಿಲ್ಲ. ಲಕ್ಷ್ಮಣರಾಯರ ಗಿರಾಕಿಗೆ ಆ ಅನುಕೂಲ ಇರಲಿಲ್ಲ. ಅಗ್ಗವಾಗಿಯೂ ಇರಬೇಕು, ಸರಿಯಾಗಿಯೂ ಕೂರಬೇಕು. ನನ್ನ ಕಸುಬಿನ ಲೆಕ್ಕದಲ್ಲಿ ಎರಡನೆಯದೇ ಹೆಚ್ಚು ಕಷ್ಟದ ಕೆಲಸ.

ಬೆಳಗಾವಿಯಲ್ಲಿ ಕೆಲಸ ಕುದುರುತ್ತಿದ್ದಂತೆ ಇನ್ನೊಂದು ಅಡ್ಡಿ ಬಂತು. ಹೊಸ ಬಡಾವಣೆಗಾಗಿ ಪೌರಸಭೆ ಕಾರ್ಯಾಗಾರದ ಜಾಗ ಬಿಡಬೇಕೆಂದಿತು. ಕುಲುಮೆ, ಯಂತ್ರ, ಕೆಲಸಗಾರರನ್ನು ಕಟ್ಟಿಕೊಂಡು ಎಲ್ಲಿ ಹೋಗುವುದು? ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿಯವರು ರಾಯರಿಗೆ ಪರಿಚಿತರು, ಸ್ವತಃ ಚಿತ್ರಕಾರರು. ಅವರು ತಮ್ಮ ಸಂಸ್ಥಾನದಲ್ಲಿ, ಕುಂಡಲ್ ರೋಡ್ ಎಂಬ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನು ಕೊಟ್ಟರು, ಬಡ್ಡಿಯಿಲ್ಲದೆ ಸಾಲವನ್ನೂ ಕೊಟ್ಟರು. ಜಮೀನೆಂದರೆ ಪಾಪಾಸುಕಳ್ಳಿ ಮತ್ತು ನಾಗರಹಾವು ತುಂಬಿದ ಬರಡು. 1910ರಲ್ಲಿ ಲಕ್ಷ್ಮಣರಾಯರು, ರಾಮುಅಣ್ಣ, ಸುಮಾರು 25 ಮಂದಿ ಕೆಲಸಗಾರರು ಮತ್ತು ಅವರ ಕುಟುಂಬದವರು ಅಲ್ಲಿಗೆ ಹೋಗಿ ಕಳ್ಳಿ ಕಡಿದು ನೆಲ ಹದ ಮಾಡಿದರು. ಅದೇ ಕಿರ್ಲೋಸ್ಕರವಾಡಿಯಾಯಿತು. ಮುಂದೆ ರೈಲು ನಿಲ್ದಾಣಕ್ಕೂ ಅದೇ ಹೆಸರು ಬಂತು. ಈಗ ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ.

ಅಲ್ಲಿ ಅವರು ಕಟ್ಟಿದ್ದು ಕಾರ್ಖಾನೆಯನ್ನು ಮಾತ್ರವಲ್ಲ. ಕೆಲಸಗಾರರಿಗೆ ಮನೆ ಕಟ್ಟಿಸಿದರು. ಆ ವಾಡಿಯಲ್ಲಿ ಅಸ್ಪೃಶ್ಯತೆಗೆ ಜಾಗವಿರಲಿಲ್ಲ. ಸೆರೆಮನೆಯಲ್ಲಿದ್ದು ಬಂದವರನ್ನು ನಂಬಿ ಕಾವಲಿಗೆ ಇಟ್ಟುಕೊಂಡರು. ಇದನ್ನು ಅವರ ದಯೆ ಎಂದು ಹೊಗಳುತ್ತಾರೆ. ಫಿಟ್ಟರನ ಕಣ್ಣಿಗೆ ಇದು ಅದೇ ಕಸುಬಿನ ಮುಂದುವರಿಕೆಯಂತೆ ಕಾಣುತ್ತದೆ. ಊರು ಬೇಡವೆಂದು ಬಿಟ್ಟ ತುಂಡನ್ನು ಎತ್ತಿ ನೋಡಿ, ಇದು ಎಲ್ಲಿ ಕೂರುತ್ತದೆ ಎಂದು ಹುಡುಕುವುದು. ಬಣ್ಣ ಕಾಣದ ಚಿತ್ರಕಾರರಾಗಿದ್ದ ಅವರಿಗೆ ಸ್ವಂತ ಅನುಭವವೇ ಅದನ್ನು ಕಲಿಸಿರಬೇಕು.

1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಹೊರಗಿನಿಂದ ಬರುವ ಕಬ್ಬಿಣ, ಕಲ್ಲಿದ್ದಲು, ಬಣ್ಣಗಳಿಗೆ ತತ್ವಾರವಾಯಿತು. ಕಲ್ಲಿದ್ದಲು ಸಿಗದಿದ್ದಾಗ ಕಟ್ಟಿಗೆಯಿಂದ ಕೆಲಸ ನಡೆಸಿದರು, ಯಂತ್ರಗಳಿಗೆ ಬಳಿಯುವ ಬಣ್ಣವನ್ನು ತಾವೇ ತಯಾರಿಸಿಕೊಂಡರು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, ಆಮೇಲೆ ಪಂಪು ಮತ್ತು ಎಂಜಿನ್ ಬಂದವು. ಮಗ ಶಂತನುರಾಯರು ಅಮೆರಿಕದಲ್ಲಿ ಇಂಜಿನಿಯರಿಂಗ್ ಓದಿ 1926ರಲ್ಲಿ ಮುಗಿಸಿ ಬಂದು ಕಾರ್ಖಾನೆಗೆ ಸೇರಿದರು. ಪರೀಕ್ಷೆಯ ಓದು ಹಿಡಿಸದ ತಂದೆ, ದೊಡ್ಡ ವಿಶ್ವವಿದ್ಯಾಲಯದಲ್ಲಿ ಓದಿದ ಮಗ ಒಂದೇ ಕಾರ್ಖಾನೆಯಲ್ಲಿ ದುಡಿದರು. ಪುಸ್ತಕ ಬೇಡ ಎಂಬುದು ಲಕ್ಷ್ಮಣರಾಯರ ಜೀವನದ ಪಾಠವಲ್ಲ ಎಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು. ಅವರೂ ಪುಸ್ತಕ ಓದಿಯೇ ಕಲಿತವರು. ಆದರೆ ಓದಿದ್ದನ್ನು ಕೈಯಿಂದ ಮಾಡಿ ನೋಡಿದರು.

ಕನ್ನಡ ನಾಡಿಗೆ ಈ ಮನೆತನ ತಿರುಗಿ ಬಂದದ್ದು 1941ರಲ್ಲಿ. ಆ ವರ್ಷ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿತು. ಅಲ್ಲಿ ತಯಾರಾದದ್ದು ಲೇತ್, ಅಂದರೆ ಬೇರೆ ಯಂತ್ರಗಳನ್ನು ಮಾಡುವ ಯಂತ್ರ. ಲೇತಿನಲ್ಲಿ ತಪ್ಪಿದ್ದರೆ ಅದರ ಮೇಲೆ ತಿರುಗಿದ ಪ್ರತಿ ತುಂಡಿನಲ್ಲಿಯೂ ಅದೇ ತಪ್ಪು ಇಳಿಯುತ್ತದೆ. ಆದ್ದರಿಂದ ಲೇತಿನ ಹಾಸನ್ನು ಕೈಯಿಂದ ಕೆರೆಯುತ್ತ, ಬಣ್ಣ ಹಚ್ಚಿ ಉಬ್ಬು ಎಲ್ಲಿದೆ ನೋಡುತ್ತ, ಮತ್ತೆ ಕೆರೆಯುತ್ತ ಸಮ ಮಾಡುತ್ತಾರೆ. ಫಿಟ್ಟಿಂಗ್ ಕೆಲಸದ ಎತ್ತರದ ಮೆಟ್ಟಿಲು ಅದು. ನಾನು ಲೇತ್ ಕೆಲಸ ಕಲಿತದ್ದು ಹರಿಹರದ ಅಂಥದೊಂದು ಯಂತ್ರದ ಮೇಲೆ. ಮುಂದೆ ಆ ಕಾರ್ಖಾನೆ ಮುಚ್ಚಿತು. ಆದರೆ ಅಲ್ಲಿ ಹುಟ್ಟಿದ ಲೇತುಗಳು ಸಣ್ಣ ಊರುಗಳ ವರ್ಕ್‌ಶಾಪುಗಳಲ್ಲಿ ಇನ್ನೂ ತಿರುಗುವುದನ್ನು ಕಂಡಿದ್ದೇನೆ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಆಗ ಬೆಳಗಾವಿ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ಮುಂದೆ ಐದು ವಾರ ಕಳೆದು ನವೆಂಬರ್ ಒಂದರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಗಡಿಯ ಆಚೆಯವರು ಅವರನ್ನು ತಮ್ಮವರೆನ್ನುತ್ತಾರೆ, ಅದು ಸರಿ. ಅವರಿಗೆ ಜಾಗ ಕೊಟ್ಟವರು ಅವರು. ನಾವೂ ನಮ್ಮವರೆನ್ನಬಹುದು, ಅದೂ ಸರಿ. ಅವರು ಹುಟ್ಟಿದ ಮಣ್ಣು ಇದು. 1969ರಲ್ಲಿ, ಅವರ ಜನ್ಮಶತಾಬ್ದಿಗೆ, ಭಾರತ ಸರಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು.

ಇನ್ನು ಊರಿನ ಹಿರಿಯರಲ್ಲಿ, ಗುರುಗಳಲ್ಲಿ ನನ್ನದೊಂದು ಅರಿಕೆ. 1910ರಲ್ಲಿ ಒಂದು ಜಾಗ ಸಿಗದೆ ಒಬ್ಬ ಕಸುಬುದಾರರು ಈ ಜಿಲ್ಲೆಯನ್ನು ಬಿಟ್ಟುಹೋದರು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಭಾಗದ ಹುಡುಗರು ಇಂದಿಗೂ ಕೊಲ್ಲಾಪುರದ ಎರಕದ ಕಾರ್ಖಾನೆಗಳಿಗೆ, ಪುಣೆಯ ಮೋಟಾರು ಕಾರ್ಖಾನೆಗಳಿಗೆ ಬಸ್ಸು ಹತ್ತುತ್ತಾರೆ. ಅವರಲ್ಲಿ ಬಹಳ ಜನ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕೂತವರು. ಅವರ ಕೈಯಲ್ಲಿ ಏನಿದೆ ಎಂಬುದು ಇಲ್ಲಿ ಯಾರಿಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ. ಅಲ್ಲಿ ಹೋದ ಮೇಲೆ ಒಬ್ಬ ಫೋರ್ಮನ್‌ಗೆ ತಿಳಿಯಿತು.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡುವ ವಿಚಾರ ನಡೆದಿದೆ. ಕಮಾನು ಕಟ್ಟುವವರು ಕಟ್ಟಲಿ, ಬೇಡವೆನ್ನುವುದಿಲ್ಲ. ಅದರ ಜೊತೆಗೆ ಒಂದು ಕೋಣೆಯಲ್ಲಿ ಗಟ್ಟಿಯಾದ ಮೇಜು, ಅದಕ್ಕೆ ಬಿಗಿದ ನಾಲ್ಕು ವೈಸ್, ಹತ್ತು ಕಾನಸು, ಒಂದು ಗುಣ್ಯ, ಒಂದು ಉಕ್ಕಿನ ಪಟ್ಟಿ, ನಕ್ಷೆ ಬರೆಯಲು ಹಲಗೆ ಇಡೋಣ. ಮೊದಲ ಪಾಠ ನಾನು ಕಲಿಸುತ್ತೇನೆ: ಕಬ್ಬಿಣದ ಒಂದು ತುಂಡಿನಲ್ಲಿ ಚೌಕದ ತೂತು, ಇನ್ನೊಂದು ತುಂಡು ಆ ತೂತಿನಲ್ಲಿ ನಾಲ್ಕು ಬದಿಯಿಂದಲೂ ಬೆಳಕು ಕಾಣದಂತೆ ಕೂರಬೇಕು. ಐಟಿಐದಲ್ಲಿ ಎಲ್ಲ ಫಿಟ್ಟರುಗಳೂ ಮಾಡುವ ಅಭ್ಯಾಸ ಅದು. ಒಂದು ವಾರ ಹಿಡಿಯುತ್ತದೆ. ಗಣಿತದಲ್ಲಿ ಕಡಿಮೆ ಅಂಕ ಬಂದ ಹುಡುಗನೋ ಹುಡುಗಿಯೋ ಅದನ್ನು ಮೊದಲು ಮುಗಿಸಿ ತಂದು ತೋರಿಸಿದರೆ, ಆ ಮಗುವಿಗೆ ಗುರ್ಲಹೊಸೂರಿನ ಲಕ್ಷ್ಮಣರಾಯರ ಈ ಕಥೆಯನ್ನು ಹೇಳಿರಿ.